ಕಲ್ನಾರಿನ ಹಿಡಿತ

ಒಡೆದ ಸಿಮೆಂಟು ಶೀಟಿನ ಅಂಚನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಊರಿನಲ್ಲಿ ನಮ್ಮ ಮನೆಯ ಕೊಟ್ಟಿಗೆಗೆ ಹೊದಿಸಿದ್ದ ಶೀಟೊಂದು ತೆಂಗಿನಕಾಯಿ ಬಿದ್ದು ಸೀಳಿತ್ತು. ಸೀಳಿತ್ತೇ ಹೊರತು ಹೆಂಚಿನಂತೆ ಚೂರಾಗಿ ಉದುರಿರಲಿಲ್ಲ. ಬಿರುಕಿನ ಎರಡೂ ಬದಿಯಲ್ಲಿ ಬೆಕ್ಕಿನ ರೋಮದಂಥ ಬೆಳ್ಳನೆಯ ಎಳೆಗಳು ಚಾಚಿಕೊಂಡು, ಹೋಳುಗಳನ್ನು ಬಿಡದೆ ಹಿಡಿದಿದ್ದವು. ಅಪ್ಪ ಅದನ್ನು ಇಳಿಸಿ ಹಿತ್ತಲಿನ ಗೋಡೆಗೆ ಒರಗಿಸಿಟ್ಟ ಮೇಲೆ, ಆ ಎಳೆಗಳನ್ನು ಉಗುರಿನಿಂದ ಕಿತ್ತು ಗಾಳಿಗೆ ಊದುವುದು ನಮ್ಮಂಥ ಮಕ್ಕಳಿಗೆ ಆಟವಾಗಿತ್ತು. ಹಾಗೆ ಆಡಬಾರದಿತ್ತು ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಆ ಎಳೆಯೇ ಕಲ್ನಾರು, ಇಂಗ್ಲಿಷಿನವರ ಆಸ್ಬೆಸ್ಟಾಸ್. ಕನ್ನಡದ ಹೆಸರು ಎಷ್ಟು ಸರಿಯಾಗಿದೆ ನೋಡಿ. ಕಲ್ಲೂ ಹೌದು, ನಾರೂ ಹೌದು. ಹೂವಿನಿಂದ ನಾರು ಸ್ವರ್ಗ ಸೇರಿತೆಂಬ ಮಾತು ಸಿಮೆಂಟಿನ ಮಟ್ಟಿಗೆ ತಿರುಗುಮುರುಗು. ಇಲ್ಲಿ ನಾರಿನ ಆಸರೆಯಿಂದಲೇ ಸಿಮೆಂಟು ತೆಳ್ಳಗಾಗಿ, ಹಗುರಾಗಿ, ಬಡವರ ಮನೆಯ ಮಾಡಿನ ಮೇಲೇರಿತು. ಆದರೆ ಜಗತ್ತಿನಲ್ಲಿ ನಾರಿಗೇನು ಬರ? ಹತ್ತಿ, ಸೆಣಬು, ತೆಂಗಿನ ನಾರು, ಗಾಜಿನ ಎಳೆ, ಪ್ಲಾಸ್ಟಿಕ್ ಎಳೆ ಎಲ್ಲವೂ ಇರುವಾಗ ಈ ಕಲ್ಲಿನ ನಾರೇ ಏಕೆ ಬೇಕಾಯಿತು? ಅದು ಸಿಮೆಂಟನ್ನು ಹಿಡಿದುಕೊಂಡ ಬಗೆಯಲ್ಲಿ ಅಂಥದ್ದೇನಿತ್ತು? ಉತ್ತರವನ್ನು ಹುಡುಕಲು ಅಣುಗಳ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ಗಟ್ಟಿಯಾಗಿಯೂ ಬೇಗ ಬಿರುಕುಬಿಡುವ ವಸ್ತುವಿಗೆ ನಾರು ಬೆರೆಸುವುದು ಹೊಸ ಯುಕ್ತಿಯೇನಲ್ಲ. ಮಣ್ಣಿನ ಗೋಡೆ ಹಾಕುವವರು ಕೆಸರು ತುಳಿಯುವಾಗ ಭತ್ತದ ಹುಲ್ಲನ್ನು ಕೊಚ್ಚಿ ಸೇರಿಸುವುದನ್ನು ನಮ್ಮ ಹಳ್ಳಿಗಳ ಹಿರಿಯರು ಕಂಡಿದ್ದಾರೆ. ಈಜಿಪ್ಟಿನ ದೊರೆ ಇಟ್ಟಿಗೆ ಮಾಡುವ ಇಸ್ರೇಲರಿಗೆ ಹುಲ್ಲು ಕೊಡುವುದನ್ನು ನಿಲ್ಲಿಸಿದ ಕಥೆ ಬೈಬಲಿನಲ್ಲಿದೆ. ಯೂರೋಪಿನಲ್ಲಿ ಸುಣ್ಣದ ಗಾರೆಗೆ ಕುದುರೆ, ದನಗಳ ಕೂದಲನ್ನು ಹಾಕುತ್ತಿದ್ದರು. ಫಿನ್ಲೆಂಡಿನ ಕುಂಬಾರರಂತೂ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಜೇಡಿಮಣ್ಣಿಗೆ ಕಲ್ನಾರನ್ನೇ ಬೆರೆಸಿ ತೆಳ್ಳನೆಯ, ದೊಡ್ಡ ಮಡಕೆಗಳನ್ನು ಮಾಡುತ್ತಿದ್ದರು. ಮಣ್ಣು ಒಣಗಿ ಕುಗ್ಗುವಾಗ ಬಿರುಕು ಹುಟ್ಟುತ್ತದೆ. ದಾರಿಯಲ್ಲಿ ನಾರು ಅಡ್ಡ ಸಿಕ್ಕರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಸುತ್ತಿ ಬಳಸಿ ಹೋಗಬೇಕಾಗುತ್ತದೆ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಮೇಲೆ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರಾಯಿತು. ಸಿಮೆಂಟು ಭಾರ ಹೊರುವುದರಲ್ಲಿ ಭೀಮ, ಎಳೆತ ತಡೆಯುವುದರಲ್ಲಿ ಉತ್ತರಕುಮಾರ. ಅದರ ಎಳೆತದ ಬಲ ಒತ್ತಡ ತಡೆಯುವ ಬಲದ ಸುಮಾರು ಹತ್ತನೆಯ ಒಂದು ಪಾಲು. ತೊಲೆ, ಕಂಬಗಳಿಗೆ ಕಬ್ಬಿಣದ ಸರಳು ಹಾಕಿ ಈ ಕೊರತೆಯನ್ನು ನೀಗಿಕೊಂಡರು. ಆದರೆ ಕಾಲಂಗುಲ ದಪ್ಪದ ಹಲಗೆಯೊಳಗೆ ಸರಳನ್ನು ಎಲ್ಲಿ ಇಡುವುದು?

ಪರಿಹಾರ ಬಂದದ್ದು ಆಸ್ಟ್ರಿಯಾದ ಫಕ್ಲಾಬ್ರುಕ್ ಎಂಬ ಸಣ್ಣ ಊರಿನಿಂದ. ಲುಡ್ವಿಗ್ ಹಾಚೆಕ್ ಬಿಯರ್ ತಯಾರಿಸುವವರ ಮನೆತನದವನು. ಮನೆಯ ಕಸುಬು ಬಿಟ್ಟು, 1890ರ ದಶಕದಲ್ಲಿ ಕಲ್ನಾರು ನೂಲುವ ಯಂತ್ರಗಳನ್ನು ಕೊಂಡು ಕಾರ್ಖಾನೆ ಹೂಡಿದ. ಹಗುರವೂ ಬೆಂಕಿ ತಗುಲದಂಥದ್ದೂ ಆದ ಮಾಡಿನ ಹಲಗೆಯೊಂದನ್ನು ಮಾಡಬೇಕೆಂಬುದು ಅವನ ಹಂಬಲ. ಹತ್ತಾರು ಅಂಟುಗಳನ್ನು ಪರೀಕ್ಷಿಸಿ ಕೊನೆಗೆ ಸಿಮೆಂಟಿಗೆ ಬಂದ. ಕಾಗದ ಮಾಡುವ ಯಂತ್ರವನ್ನು ಸಿಮೆಂಟಿಗೆ ಒಗ್ಗಿಸಿದ್ದು ಅವನ ಜಾಣತನ. ಸುಮಾರು ಒಂದು ಪಾಲು ಕಲ್ನಾರು, ಒಂಬತ್ತು ಪಾಲು ಸಿಮೆಂಟು, ಬೇಕಾದಷ್ಟು ನೀರು ಸೇರಿಸಿ ಅಂಬಲಿಯಂತೆ ಕದಡುವುದು. ಅದರಲ್ಲಿ ಜರಡಿಯ ಉರುಳೆಯನ್ನು ತಿರುಗಿಸಿದರೆ ನೀರು ಸೋರಿ ಜರಡಿಯ ಮೇಲೆ ತೆಳುವಾದ ಪದರವೊಂದು ಕೂರುತ್ತದೆ. ಇಂಥ ಪದರಗಳನ್ನು ಇನ್ನೊಂದು ಉರುಳೆಗೆ ಒಂದರ ಮೇಲೊಂದು ಸುತ್ತಿ, ಹಸಿ ಇರುವಾಗಲೇ ಕತ್ತರಿಸಿ ಬಿಡಿಸಿದರೆ ಶೀಟು ಸಿದ್ಧ. 1900ರ ಸುಮಾರಿಗೆ ಈ ವಿಧಾನಕ್ಕೆ ಪೇಟೆಂಟ್ ಬೇಡಿದ ಹಾಚೆಕ್, ತನ್ನ ಸರಕಿಗೆ 'ಎಟರ್ನಿಟ್' ಎಂದು ಹೆಸರಿಟ್ಟ. ಶಾಶ್ವತ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡ್, ಇಟಲಿ ಮುಂತಾದೆಡೆಯವರು ಅವನಿಂದ ಹಕ್ಕು ಕೊಂಡು ಕಾರ್ಖಾನೆ ತೆರೆದರು. 1930ರ ದಶಕದಲ್ಲಿ ಈ ಉದ್ಯಮ ಭಾರತಕ್ಕೂ ಬಂತು.

ಹಾಚೆಕ್‌ನ ಯಂತ್ರದಲ್ಲಿ ಒಂದು ಸೋಜಿಗವಿದೆ. ಸಿಮೆಂಟಿನ ಕಣ ಜರಡಿಯ ಕಣ್ಣಿಗಿಂತ ಎಷ್ಟೋ ಚಿಕ್ಕದು. ನ್ಯಾಯವಾಗಿ ಅದು ನೀರಿನ ಜೊತೆಗೇ ಸೋರಿಹೋಗಬೇಕು. ಬರೀ ಗಾಜಿನ ಎಳೆಯನ್ನೋ ಪ್ಲಾಸ್ಟಿಕ್ ಎಳೆಯನ್ನೋ ಹಾಕಿದರೆ ಹಾಗೆಯೇ ಆಗುತ್ತದೆ: ನಾರು ಮೇಲುಳಿಯುತ್ತದೆ, ಸಿಮೆಂಟು ಕೆಳಗಿಳಿಯುತ್ತದೆ. ಕಲ್ನಾರು ಹಾಕಿದಾಗ ಮಾತ್ರ ಸಿಮೆಂಟಿನ ಕಣಗಳು ಜೇನುನೊಣಗಳಂತೆ ಎಳೆಗೆ ಮುತ್ತಿಕೊಂಡು ನಿಲ್ಲುತ್ತಿದ್ದವು. ಹಾಗೇಕೆ ಆಗುತ್ತದೆಂಬುದರ ಅಣುಮಟ್ಟದ ವಿವರಣೆ ಹಾಚೆಕ್‌ನ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ. ಕಲ್ನಾರಿನ ಒಳರಚನೆ ತಿಳಿಯಬೇಕಾದರೆ ಕ್ಷಕಿರಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಬರಬೇಕಾಯಿತು.

ಮೊದಲು ಸಿಮೆಂಟಿನ ವಿಚಾರ. ಸಿಮೆಂಟು 'ಒಣಗುತ್ತದೆ' ಎಂದು ನಾವು ಹೇಳುವುದು ರೂಢಿಯ ಮಾತಷ್ಟೇ. ವಾಸ್ತವವಾಗಿ ಅದು ನೀರನ್ನು ಕುಡಿದು ಗಟ್ಟಿಯಾಗುತ್ತದೆ. ಗಾರೆ ಕೆಲಸದವರು ಹೊಸ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ದಿನವೂ ನೀರುಣಿಸುವುದು ಅದಕ್ಕೇ. ಸಿಮೆಂಟಿನ ಮುಖ್ಯ ಘಟಕಗಳಾದ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನಲ್ಲಿ ಸ್ವಲ್ಪಸ್ವಲ್ಪವೇ ಕರಗಿ, ಹೊಸ ಜೋಡಣೆಯಲ್ಲಿ ಮತ್ತೆ ಘನವಾಗುತ್ತವೆ. ಹೀಗೆ ಹುಟ್ಟುವ ವಸ್ತು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಜೊತೆಗೆ ಸುಣ್ಣದ ನೀರಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕೂಡ ಹುಟ್ಟಿಕೊಳ್ಳುತ್ತದೆ. ಸಿಮೆಂಟಿನ ಗಟ್ಟಿತನಕ್ಕೆ ಹರಳುಗಳ ಹೆಣಿಗೆಯೇ ಕಾರಣವೆಂದು ಫ್ರಾನ್ಸಿನ ಲ ಶಾತಲಿಯೆ 1880ರ ದಶಕದಲ್ಲಿ ವಾದಿಸಿದ. ಅಲ್ಲ, ಅಂಟಿನಂಥ ಲೋಳೆ ಕಾರಣವೆಂದು ಜರ್ಮನಿಯ ಮಿಖಾಯೆಲಿಸ್ 1893ರಲ್ಲಿ ಹೇಳಿದ. ಇಬ್ಬರ ಮಾತಿನಲ್ಲೂ ಹುರುಳಿತ್ತೆಂದು ಈಗ ತಿಳಿದಿದೆ. ಆ ಹೈಡ್ರೇಟು ಲೋಳೆಯಂತೆ ಅಡ್ಡಾದಿಡ್ಡಿಯಾಗಿದ್ದರೂ ಒಳಗೆ ಹಾಳೆ ಹಾಳೆಯಾಗಿದೆ. ನಡುವೆ ಕ್ಯಾಲ್ಸಿಯಂ ಮತ್ತು ಆಮ್ಲಜನಕದ ಪದರ, ಎರಡು ಬದಿಗೂ ಸಿಲಿಕಾದ ಸರಪಳಿಗಳು, ಹಾಳೆಗಳ ಮಧ್ಯೆ ನೀರು ಮತ್ತು ಬಿಡಿ ಕ್ಯಾಲ್ಸಿಯಂ ಅಯಾನುಗಳು. ಈ ಹಾಳೆಗಳ ಮೇಲ್ಮೈ ಋಣ ವಿದ್ಯುದಂಶವುಳ್ಳದ್ದು ಎಂಬುದನ್ನು ನೆನಪಿಡಿ.

ಇನ್ನು ಕಲ್ನಾರು. ಶೀಟಿಗೆ ಹೆಚ್ಚಾಗಿ ಬಳಸುವುದು ಕ್ರಿಸೊಟೈಲ್ ಎಂಬ ಬಿಳಿಯ ಕಲ್ನಾರು. ಅದೂ ಹಾಳೆಗಳಿಂದಾದ ಖನಿಜವೇ. ಒಂದು ಪದರ ಸಿಲಿಕಾ, ಅದಕ್ಕೆ ಬೆಸೆದ ಇನ್ನೊಂದು ಪದರ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಈ ಎರಡರ ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಮೆಗ್ನೀಸಿಯಂ ಪದರ ಒಂದಿಷ್ಟು ಅಗಲ, ಸಿಲಿಕಾ ಪದರ ಒಂದಿಷ್ಟು ಕಿರಿದು. ಬಿಸಿಲಿಗಿಟ್ಟ ಅಡಿಕೆ ಹಾಳೆಯ ಒಂದು ಮೈ ಹೆಚ್ಚು ಕುಗ್ಗಿ ಇಡೀ ಹಾಳೆ ಸುರುಳಿಕೊಳ್ಳುವುದನ್ನು ಮಲೆನಾಡಿನವರು ನೋಡಿರುತ್ತಾರೆ. ಇಲ್ಲಿಯೂ ಹಾಗೆಯೇ. ಅಳತೆ ಹೊಂದದ ಪದರಗಳು ಬಾಗಲೇಬೇಕೆಂದು ಅಮೆರಿಕದ ಲೈನಸ್ ಪಾಲಿಂಗ್ 1930ರಲ್ಲೇ ತರ್ಕಿಸಿದ್ದರು. ಕ್ರಿಸೊಟೈಲ್ ನಿಜಕ್ಕೂ ಕೊಳವೆಯಾಗಿ ಸುತ್ತಿಕೊಂಡಿದೆ ಎಂಬುದನ್ನು 1950ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಒಂದು ಬಿಡಿ ಎಳೆಯ ಅಡ್ಡಳತೆ ಸುಮಾರು 25 ನ್ಯಾನೊಮೀಟರ್. ತಲೆಗೂದಲು ಅದಕ್ಕಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು ದಪ್ಪ.

ಸುತ್ತಿಕೊಳ್ಳುವಾಗ ಅಗಲವಾದ ಮೆಗ್ನೀಸಿಯಂ ಪದರ ಹೊರಕ್ಕೆ ಬರುತ್ತದೆ. ಹೀಗಾಗಿ ಎಳೆಯ ಹೊರಮೈಯೆಲ್ಲ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿಗಳು. ನೀರಿನಲ್ಲಿ ಈ ಮೈ ಧನ ವಿದ್ಯುದಂಶ ತಳೆಯುತ್ತದೆ. ಸಿಮೆಂಟಿನದು ಋಣ, ನಾರಿನದು ಧನ. ಹಾಚೆಕ್‌ನ ತೊಟ್ಟಿಯಲ್ಲಿ ಅವೆರಡೂ ಒಂದನ್ನೊಂದು ಹುಡುಕಿಕೊಂಡು ಹೋಗಿ ಅಂಟುತ್ತಿದ್ದುದರ ಗುಟ್ಟು ಇದೇ. ಅಂಟಿದ ಮೇಲೆ ಹಿಡಿತ ಬಲವಾಗುತ್ತ ಹೋಗುತ್ತದೆ. ನಾರಿನ ಹೈಡ್ರಾಕ್ಸಿಲ್‌ಗಳು ಹೈಡ್ರೇಟಿನ ಆಮ್ಲಜನಕಗಳೊಡನೆ ಹೈಡ್ರೋಜನ್ ಬಂಧ ಬೆಸೆಯುತ್ತವೆ. ಇದು ಕಾಗದದ ಎಳೆಗಳನ್ನು ಒಟ್ಟಾಗಿ ಹಿಡಿಯುವ ಬಂಧವೇ. ಬಿಡಿಯಾಗಿ ದುರ್ಬಲ, ಲಕ್ಷಗಟ್ಟಲೆ ಸೇರಿದರೆ ಪ್ರಬಲ. ಎರಡು ಮೇಲ್ಮೈಗಳ ನಡುವೆ ಸಿಕ್ಕಿಕೊಂಡ ಕ್ಯಾಲ್ಸಿಯಂ ಅಯಾನು ಎರಡೂ ಕಡೆ ಕೈಚಾಚುವ ಸೇತುವೆಯೂ ಆಗಬಲ್ಲದು. ಇವುಗಳ ಜೊತೆಗೆ, ಯಾವುದೇ ಎರಡು ಮೈಗಳು ತೀರ ಹತ್ತಿರ ಬಂದಾಗ ಇದ್ದೇ ಇರುವ ಸಣ್ಣ ಸೆಳೆತ.

ಈ ಬಂಧಗಳೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಆದ್ದರಿಂದ ಮೇಲ್ಮೈ ಎಷ್ಟಿದೆ ಎಂಬುದೇ ದೊಡ್ಡ ಲೆಕ್ಕ. ಒಂದು ಮಿಲಿಮೀಟರ್ ದಪ್ಪದ ಕಡ್ಡಿಯೊಂದನ್ನು ಮಿಲಿಮೀಟರಿನ ಸಾವಿರದ ಒಂದು ಪಾಲು ದಪ್ಪದ ಎಳೆಗಳಾಗಿ ಸೀಳಿದಿರೆನ್ನಿ. ತೂಕ ಅಷ್ಟೇ ಇರುತ್ತದೆ, ಮೇಲ್ಮೈ ಸಾವಿರ ಪಟ್ಟು ಹೆಚ್ಚುತ್ತದೆ. ಕಲ್ನಾರು ಇದಕ್ಕೂ ಎಷ್ಟೋ ಸಣ್ಣದಾಗಿ ಸೀಳಬಲ್ಲದು. ಸಿಮೆಂಟಿನ ಸುಡುವಂಥ ಕ್ಷಾರವನ್ನೂ ಅದು ತಾಳಿಕೊಳ್ಳುತ್ತದೆ. ಕಬ್ಬಿಣದ ಸರಳನ್ನು ಕಾಂಕ್ರೀಟು ಹಿಡಿಯುವುದರಲ್ಲಿ ಸರಳಿನ ಮೈಮೇಲಿನ ಗೆರೆಗಳದೇ ದೊಡ್ಡ ಪಾತ್ರ. ಗೆರೆಯೂ ಗಂಟೂ ಇಲ್ಲದ ಕಲ್ನಾರನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಈ ಅಣುಗಳ ಅಂಟು.

ಎಳೆಯ ಈ ನವಿರೇ ಮನುಷ್ಯನ ಪಾಲಿಗೆ ಮುಳುವಾಯಿತು.

ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸೀಳುವ ಎಳೆ ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಡನೆ ಶ್ವಾಸಕೋಶದ ತುದಿಗೂಡುಗಳವರೆಗೆ ಇಳಿಯುತ್ತದೆ. ದೇಹದ ಕಾವಲು ಕೋಶಗಳು ಉದ್ದನೆಯ ಎಳೆಯನ್ನು ನುಂಗಲೂ ಆರದೆ ಉಗುಳಲೂ ಆರದೆ ಸಾಯುತ್ತವೆ. ಆ ಜಾಗದಲ್ಲಿ ಗಾಯ, ಗಾಯದ ಮೇಲೆ ಗಂಟು. 1924ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ನೆಲ್ಲಿ ಕರ್ಷಾ ಎಂಬ ಕಲ್ನಾರು ನೂಲುವ ಹೆಂಗಸು 33ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಡಾ. ವಿಲಿಯಂ ಕುಕ್ ಆಕೆಯ ಶ್ವಾಸಕೋಶದಲ್ಲಿ ಖನಿಜದ ಚೂರುಗಳನ್ನು ಕಂಡು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1930ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದ ಮೆರಿವೆದರ್ ವರದಿಯ ಪ್ರಕಾರ, ಪರೀಕ್ಷೆಗೊಳಗಾದ 363 ಕಾರ್ಮಿಕರಲ್ಲಿ ನಾಲ್ವರಿಗೊಬ್ಬರಂತೆ ಈ ರೋಗವಿತ್ತು. ಕಲ್ನಾರು ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂಬುದನ್ನು 1955ರಲ್ಲಿ ರಿಚರ್ಡ್ ಡಾಲ್ ಅಂಕಿ ಅಂಶಗಳಿಂದ ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಸುದ್ದಿ ಇನ್ನೂ ಕೆಟ್ಟದ್ದು. ಅಲ್ಲಿನ ನೀಲಿ ಕಲ್ನಾರಿನ ಗಣಿಗಳ ಸುತ್ತ, ಗಣಿಗೆ ಕಾಲಿಡದೆ ಸುಮ್ಮನೆ ಹತ್ತಿರ ವಾಸವಾಗಿದ್ದವರಲ್ಲೂ ಎದೆಗೂಡಿನ ಒಳಪೊರೆಯ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಎಳೆ ಒಳಹೊಕ್ಕ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ರೋಗ ಹೊರಬೀಳುವುದರಿಂದ, ಲೆಕ್ಕ ಕೇಳುವ ಹೊತ್ತಿಗೆ ಕಾರ್ಖಾನೆಯ ಹಾಜರಿ ಪುಸ್ತಕವೂ ಸಿಕ್ಕುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ ತೀರ್ಪು ನೀಡುತ್ತ, ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿದ್ದು ಈ ಕಾರಣಕ್ಕೇ.

ಹಾಚೆಕ್‌ನ ಆಸ್ಟ್ರಿಯಾ 1990ರಲ್ಲಿ ಕಲ್ನಾರನ್ನು ನಿಷೇಧಿಸಿತು. 2005ರ ಹೊತ್ತಿಗೆ ಇಡೀ ಯೂರೋಪಿನ ಒಕ್ಕೂಟದಲ್ಲಿ ನಿಷೇಧ ಬಂತು. ಆದರೆ ಬಿಡುವುದೆಂದರೆ ಬದಲಿ ಬೇಕಲ್ಲ? ಬದಲಿ ನಾರಿನ ಹುಡುಕಾಟ ನಿಷೇಧಕ್ಕಿಂತ ಬಹಳ ಮೊದಲೇ ಶುರುವಾಗಿತ್ತು. ನನ್ನ ಮಟ್ಟಿಗೆ ಈ ಕಥೆಯ ರುಚಿಕಟ್ಟಾದ ಭಾಗ ಇದು. ಏಕೆಂದರೆ ಕಲ್ನಾರು ಸಲೀಸಾಗಿ ಮಾಡುತ್ತಿದ್ದ ಕೆಲಸ ಎಷ್ಟು ಕಷ್ಟದ್ದೆಂದು ಗೊತ್ತಾದದ್ದೇ ಅದನ್ನು ಬಿಡಲು ಹೊರಟಾಗ.

ಮೊದಲ ಅಭ್ಯರ್ಥಿ ಗಾಜಿನ ಎಳೆ. ಬಲದಲ್ಲಿ ಕಡಿಮೆಯೇನಲ್ಲ. ಆದರೆ ಗಾಜಿನ ಬೆನ್ನೆಲುಬು ಸಿಲಿಕಾನ್-ಆಮ್ಲಜನಕದ ಕೊಂಡಿ. ಹಸಿ ಸಿಮೆಂಟಿನ ನೀರಿನ ಪಿಎಚ್ 12.5ಕ್ಕೂ ಮೇಲೆ. ಆ ಕ್ಷಾರದ ಹೈಡ್ರಾಕ್ಸಿಲ್ ಅಯಾನುಗಳು ಕೊಂಡಿಯನ್ನು ಒಂದೊಂದಾಗಿ ಕಡಿಯುತ್ತವೆ. ಹಿಡಿದುಕೊಳ್ಳಬೇಕಾದ ಸಿಮೆಂಟೇ ಎಳೆಯನ್ನು ತಿಂದುಹಾಕಿದರೆ ಮಾಡುವುದೇನು? ಸೋವಿಯತ್ ದೇಶದಲ್ಲಿ ಕ್ಷಾರ ಕಡಿಮೆಯಿರುವ ಬೇರೆ ಸಿಮೆಂಟಿನ ಜೊತೆ ಪ್ರಯೋಗ ನಡೆಯಿತು. ಸಿಮೆಂಟನ್ನು ಬದಲಿಸುವ ಬದಲು ಗಾಜನ್ನೇ ಬದಲಿಸಬಾರದೇಕೆ ಎಂದು ಯೋಚಿಸಿದವರು ಇಂಗ್ಲೆಂಡಿನ ಸರ್ಕಾರಿ ಕಟ್ಟಡ ಸಂಶೋಧನಾ ಕೇಂದ್ರದಲ್ಲಿದ್ದ ಎ.ಜೆ. ಮಜುಂದಾರ್. 1960ರ ದಶಕದ ಕೊನೆಯಲ್ಲಿ ಅವರು ಗಾಜಿಗೆ ಶೇಕಡ 16ರಷ್ಟು ಜಿರ್ಕೋನಿಯಂ ಆಕ್ಸೈಡ್ ಬೆರೆಸಿ ಎಳೆ ತೆಗೆದರು. ಜಿರ್ಕೋನಿಯಂ ಮತ್ತು ಆಮ್ಲಜನಕದ ಕೊಂಡಿಗೆ ಕ್ಷಾರ ಅಷ್ಟು ಬೇಗ ಹಲ್ಲೂರಲಾರದು. 1971ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಇದನ್ನು ಸೆಮ್‌ಫಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಅಲ್ಲಿಗೆ ಮುಗಿಯಲಿಲ್ಲ. ಗಾಜಿನ ಎಳೆ ಒಂಟಿಯಾಗಿ ಬರುವುದಿಲ್ಲ, ನೂರಾರು ಎಳೆಗಳ ಜಡೆಯಾಗಿ ಬರುತ್ತದೆ. ಮೊದಮೊದಲು ಜಡೆಯ ಹೊರಗಿನ ಎಳೆಗಳು ಮಾತ್ರ ಸಿಮೆಂಟಿಗೆ ಅಂಟಿ, ಒಳಗಿನವು ಸಡಿಲವಾಗಿ ಜಾರಾಡುತ್ತವೆ. ಜಾರುವಾಗ ತಿಕ್ಕಾಟದಲ್ಲಿ ಪೆಟ್ಟಿನ ಶಕ್ತಿ ಕರಗಿಹೋಗುತ್ತದೆ. ವರ್ಷಗಳು ಕಳೆದಂತೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಹರಳುಗಳು ಜಡೆಯೊಳಗೂ ಬೆಳೆದು ಎಲ್ಲ ಎಳೆಗಳನ್ನೂ ಬಿಗಿದುಹಾಕುತ್ತವೆ. ಆಗ ಬಿರುಕು ಬಂದರೆ ಎಳೆ ಜಾರಲಾರದು, ಪಟಕ್ಕನೆ ತುಂಡಾಗುತ್ತದೆ. ಹಲಗೆ ಹಳತಾದಂತೆ ಪೆಡಸಾಗುತ್ತದೆ. ಹಿಡಿತ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಬಿದ್ದ ಪೆಟ್ಟು ಇದು.

ಎರಡನೆಯ ಅಭ್ಯರ್ಥಿ ಮರದ ತಿರುಳು, ಅಂದರೆ ಸೆಲ್ಯುಲೋಸ್. ಅದರ ಅಣುವಿನ ಉದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿವೆ, ಹೈಡ್ರೋಜನ್ ಬಂಧಕ್ಕೆ ತಡೆಯಿಲ್ಲ. ತೊಡಕೆಂದರೆ ಸಸ್ಯದ ನಾರಿನಲ್ಲಿ ಉಳಿದ ಸಕ್ಕರೆಯ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತದೆ. ಕಲಸಿದ ಕಾಂಕ್ರೀಟು ಬೇಗ ಗಟ್ಟಿಯಾಗಬಾರದೆಂದಾಗ ಚಿಟಿಕೆ ಸಕ್ಕರೆ ಹಾಕುವ ಉಪಾಯದ ಹಿಂದಿರುವುದೂ ಇದೇ ಗುಣ. ತೆಂಗಿನ ನಾರು, ಕತ್ತಾಳೆ ನಾರುಗಳಿಗೆ ಇದರ ಜೊತೆ ಇನ್ನೊಂದು ಕಾಟ: ನಾರಿನ ಕೋಶಗಳನ್ನು ಬೆಸೆದಿಡುವ ಲಿಗ್ನಿನ್ ಕ್ಷಾರದಲ್ಲಿ ಕರಗುತ್ತದೆ. ಮೊದಲೇ ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ ತೆಗೆದ ತಿರುಳನ್ನು ಬಳಸಿ, ಹಲಗೆಯನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ಆಸ್ಟ್ರೇಲಿಯದವರು 1980ರ ದಶಕದ ಆರಂಭದಲ್ಲೇ ಕಲ್ನಾರಿಲ್ಲದ ಶೀಟು ತಯಾರಿಸಿದರು.

ಮೂರನೆಯದು ಪಾಲಿವಿನೈಲ್ ಆಲ್ಕೊಹಾಲ್. 1939ರಲ್ಲಿ ಜಪಾನಿನ ಕ್ಯೋಟೊದಲ್ಲಿ ಬಟ್ಟೆಯ ನೂಲಿಗಾಗಿ ಹುಟ್ಟಿದ ಕೃತಕ ಎಳೆ. ಸಾಮಾನ್ಯ ಪ್ಲಾಸ್ಟಿಕ್ ಎಳೆ ನೀರಿಗೂ ಸಿಮೆಂಟಿಗೂ ಬೆನ್ನು ತಿರುಗಿಸುತ್ತದೆ. ಇದರ ಅಣುಸರಪಳಿಯಲ್ಲಿ ಮಾತ್ರ ಒಂದು ಬಿಟ್ಟು ಒಂದು ಇಂಗಾಲಕ್ಕೆ ಹೈಡ್ರಾಕ್ಸಿಲ್ ತೂಗಿಕೊಂಡಿದೆ. ಕಲ್ನಾರಿನ ಹೊರಮೈಯಲ್ಲಿದ್ದುದೂ ಅದೇ ಗುಂಪಲ್ಲವೇ? 1980ರ ದಶಕದಲ್ಲಿ ಯೂರೋಪಿನ ಕಾರ್ಖಾನೆಗಳು ಇದನ್ನು ಹಿಡಿದವು. ಆದರೂ ಹಾಚೆಕ್‌ನ ಯಂತ್ರಕ್ಕೆ ಇದೊಂದೇ ಸಾಲದು. ಎಳೆ ಕಲ್ನಾರಿನಷ್ಟು ನವಿರಲ್ಲ, ಸಿಮೆಂಟಿನ ಕಣಗಳನ್ನು ಜರಡಿಯ ಮೇಲೆ ತಡೆಯಲಾರದು. ಹಾಗಾಗಿ ಕಣ ತಡೆಯಲು ಸೆಲ್ಯುಲೋಸ್, ಬಲಕ್ಕೆ ಪಾಲಿವಿನೈಲ್ ಆಲ್ಕೊಹಾಲ್. ಒಬ್ಬ ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು ಆಳು, ಸಹಜವಾಗಿಯೇ ಕೂಲಿಯೂ ಹೆಚ್ಚು.

ಇಲ್ಲೂ ಗಾಜಿನ ಪಾಠವೇ ಮರಳಿ ಬಂತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲಿ 1990ರ ದಶಕದಲ್ಲಿ ಬಾಗಬಲ್ಲ ಕಾಂಕ್ರೀಟೊಂದನ್ನು ರೂಪಿಸುತ್ತಿದ್ದರು. ಅವರ ತಂಡ ಪಾಲಿವಿನೈಲ್ ಆಲ್ಕೊಹಾಲ್ ಎಳೆಯನ್ನು ಬಳಸಿದಾಗ ಅದು ಸಿಮೆಂಟಿಗೆ ಎಷ್ಟು ಬಿಗಿಯಾಗಿ ಅಂಟಿತೆಂದರೆ, ಬಿರುಕು ಬಿಟ್ಟಾಗ ಜಾರದೆ ಹರಿದುಹೋಗುತ್ತಿತ್ತು. ಎಳೆಗೆ ಅದರ ತೂಕದ ಶೇಕಡ ಒಂದರ ಸುಮಾರಿನಷ್ಟು ಎಣ್ಣೆ ಸವರಿ ಹಿಡಿತವನ್ನು ಬೇಕೆಂದೇ ಸಡಿಲಿಸಿದರು. ಆಗ ಒಂದು ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ನೂರಾರು ಬಿರುಕುಗಳು ಮೂಡಿ, ಕಾಂಕ್ರೀಟು ಮುರಿಯದೆ ಬಾಗಿತು. ನಾರು ಸಿಮೆಂಟಿಗೆ ಅಂಟಲಿ ಎಂದು ನೂರು ವರ್ಷ ಹೆಣಗಿದವರು ಕೊನೆಗೆ ಎಣ್ಣೆ ಹಚ್ಚಬೇಕಾಯಿತು!

ನಮ್ಮಲ್ಲಿ? ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲೆಗಳಲ್ಲಿ ಕಲ್ನಾರು ಉಂಟು. ಈಗ ದೇಶದಲ್ಲಿ ಅದರ ಗಣಿಗಾರಿಕೆ ಇಲ್ಲ. ಆದರೆ ರಷ್ಯಾ ಮುಂತಾದೆಡೆಯಿಂದ ತರಿಸಿ ಶೀಟು ಮಾಡುವುದಕ್ಕೆ ಅಡ್ಡಿಯಿಲ್ಲ. ನೆಲದಡಿಯಿಂದ ತೆಗೆಯಲು ಬಿಡದ ವಸ್ತುವನ್ನು ಹಡಗಿನಲ್ಲಿ ತರಿಸಿಕೊಳ್ಳುವ ಈ ನೀತಿಯ ತರ್ಕ ನನಗೆ ಅರ್ಥವಾಗಿಲ್ಲ. ಕಲ್ನಾರು ಸಿಮೆಂಟಿನೊಳಗೆ ಭದ್ರವಾಗಿ ಬಂಧಿಯಾಗಿದೆ ಎಂಬುದು ಉದ್ಯಮದವರ ವಾದ. ಶೀಟು ಸುಮ್ಮನೆ ಮಾಡಿನ ಮೇಲಿರುವಾಗ ಅದರಲ್ಲಿ ಒಂದಷ್ಟು ಸತ್ಯವಿದೆ, ಈ ಲೇಖನದಲ್ಲಿ ಹೇಳಿದ ಬಂಧಗಳೇ ಅದಕ್ಕೆ ಸಾಕ್ಷಿ. ಗರಗಸ ಆಡಿಸಿದಾಗ, ಬೋಲ್ಟಿಗಾಗಿ ತೂತು ಕೊರೆದಾಗ, ಹಳೆಯ ಶೀಟನ್ನು ಮೇಲಿನಿಂದ ಎಸೆದು ಪುಡಿಮಾಡಿದಾಗ ಆ ಬಂಧನ ಬಿಡುತ್ತದೆ. ಮಳೆ ಬಿಸಿಲಿಗೆ ಸಿಮೆಂಟು ಸವೆದ ಶೀಟಿನಲ್ಲಂತೂ ಎಳೆ ಮೇಲೆದ್ದೇ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೊಟ್ಟಿಗೆಯ ಉಳಿದ ಶೀಟುಗಳನ್ನು ಇಳಿಸಿದೆವು. ಚೆನ್ನಾಗಿ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿಯೇ ಇಳಿಸಬೇಕೆಂದು ನಾನು ಹಟ ಹಿಡಿದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಮೇಸ್ತ್ರಿ, "ಏನೂ ಆಗಲ್ಲ ಬುಡಿ ಸ್ವಾಮಿ" ಎಂದು ನಕ್ಕರು. ಆಮೇಲೆ ಹೆಗಲ ಮೇಲಿನ ಟವೆಲನ್ನು ನೀರಿಗದ್ದಿ ಮೂಗಿಗೆ ಕಟ್ಟಿಕೊಂಡು ಏಣಿ ಹತ್ತಿದರು. ಒದ್ದೆ ಬಟ್ಟೆ ಇಷ್ಟು ಸಣ್ಣ ಎಳೆಯನ್ನು ಪೂರ್ತಿ ತಡೆಯುವುದಿಲ್ಲ. ನಮ್ಮೂರಿನ ಅಂಗಡಿಯಲ್ಲಿ ಅದಕ್ಕೆ ತಕ್ಕ ಮುಖಗವಸು ಸಿಕ್ಕಿರಲಿಲ್ಲ. ಇಳಿಸಿದ ಶೀಟುಗಳನ್ನು ಎಲ್ಲಿ ಹಾಕಬೇಕೆಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿದರೆ ಯಾರಿಗೂ ತಿಳಿದಿರಲಿಲ್ಲ. ಅವು ಈಗಲೂ ಹಿತ್ತಲಲ್ಲಿ, ಟಾರ್ಪಾಲಿನ ಕೆಳಗೆ ಇವೆ.